ಮುಕ್ಕಾಲು ಬಾಟಲಿ ಸೆಂಟು

ಕೈಫಾನ್, ಕುವೈತ್
ಫೆಬ್ರವರಿ 18

ಪ್ರೀತಿಯ ಅಬು ಗಾಯಿಬ್ ಅವರಿಗೆ,

ಸಬೀಕಾಳ ಸಲಾಮುಗಳು. ನಿಮ್ಮ ಕೆಮ್ಮು ಕಡಿಮೆಯಾಗಿದೆ, ಆದರೆ ಸಿಗರೇಟು ಕಡಿಮೆಯಾಗಿಲ್ಲ ಎಂದು ನಮ್ಮ ಗುಂಪಿನ, ಅಮ್ಮಾನಿನ ರೂಲಾ ಹೇಳಿದಳು. ಸೆಂಟಿನ ಬಾಟಲಿಗಳನ್ನು ಬಿಸಿಲಿಗೆ ತೋರಿಸದೆ ಇಷ್ಟು ಜೋಪಾನ ಮಾಡುವವರು ಮೂಗನ್ನೂ ಎದೆಯನ್ನೂ ಹೊಗೆಯಲ್ಲಿ ಇಡುವುದು ಯಾವ ನ್ಯಾಯ?

ನಮ್ಮ ಗುಂಪಿನ ರೀತಿ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಹಳೆಯ ಸೆಂಟು ಕೂಡಿಡುವ ಹುಚ್ಚರು ನಾವು. ಒಬ್ಬರ ಮುಖ ಒಬ್ಬರು ನೋಡದಿದ್ದರೂ ಫೋನಿನ ಪರದೆಯ ಮೇಲೆಯೇ ಒಂದು ಊರು ಕಟ್ಟಿಕೊಂಡಿದ್ದೇವೆ. ಅಲ್ಲಿ ಬಂದ ಉಡುಗೊರೆಗೆ ಯಾರೂ ದುಡ್ಡು ಕೊಡುವುದಿಲ್ಲ, ಕೊಟ್ಟವರಿಗೆ ಏನನ್ನೂ ಹಿಂದಿರುಗಿಸುವುದಿಲ್ಲ. ಕೊಡುವುದಿದ್ದರೆ ಮೂರನೆಯವರಿಗೆ ಕೊಡಬೇಕು. ಕೃತಜ್ಞತೆ ಹೇಳುವಂತೆಯೂ ಇಲ್ಲ. ಆ ಪರಿಮಳ ನಮ್ಮನ್ನು ಎಲ್ಲಿಗೆ ಕರೆದೊಯ್ದಿತು ಎಂಬುದನ್ನು ಮಾತ್ರ ನಿಜವಾಗಿ ಬರೆಯಬೇಕು. ಎಲ್ಲರೂ ಓದುವಂತೆ ಗುಂಪಿನಲ್ಲೇ ಬರೆಯುವುದು ವಾಡಿಕೆ. ನನಗೆ ಅದು ಆಗಲಿಲ್ಲ. ಅದಕ್ಕೇ ಈ ಕಾಗದ. ಇಂಗ್ಲಿಷ್ ಶಾಲೆಯಲ್ಲಿ ಓದಿದ ಕೈ ನನ್ನದು, ಅರಬಿಯಲ್ಲಿ ಬರೆಯುವಾಗ ಎಡವುತ್ತದೆ. ಎಡವಿದ ಕಡೆ ನಕ್ಕು ಮುಂದೆ ಹೋಗಿ.

ಬೆಲ್‌ರಿವ್ ಎಂಬ ಸೆಂಟು ಯಾರ ಹತ್ತಿರವಾದರೂ ಇದೆಯೇ, ನಾಲ್ಕು ಹನಿ ಸಾಕು, ಬಾಲ್ಯದ ನೆನಪಿಗೆ ಎಂದು ನಾನು ಗುಂಪಿನಲ್ಲಿ ಕೇಳಿದ್ದೆನಲ್ಲ, ಅದು ಪೂರ್ತಿ ನಿಜವಾಗಿರಲಿಲ್ಲ. ಅದು ನನ್ನ ಅಣ್ಣ ಮಿಶಾರಿಯ ಸೆಂಟು. ಯುದ್ಧದ ವರ್ಷದ ಶರತ್ಕಾಲದಲ್ಲಿ, ಬಸ್ರಾದ ಕಡೆಯಿಂದ ಬಂದ ನಿಮ್ಮ ಸೈನ್ಯ ನಮ್ಮ ಬೀದಿಯಲ್ಲಿದ್ದಾಗ, ಬಡಾವಣೆಯ ಬೇಕರಿಯಲ್ಲಿ ಹಿಟ್ಟು ನಾದಲು ಹೋದವನು ತಿರುಗಿ ಬರಲಿಲ್ಲ. ಕೆಲಸಗಾರರೆಲ್ಲ ದೇಶ ಬಿಟ್ಟಿದ್ದರು. ಕಾಲೇಜು ಹುಡುಗರೇ ರೊಟ್ಟಿ ಸುಡುತ್ತಿದ್ದರು. ಅವನ ಜೊತೆಯವರು ಕಂಡದ್ದು ಒಂದು ಟ್ರಕ್ಕು, ಅದರಲ್ಲಿ ಅವನ ಬಿಳಿ ಏಪ್ರನ್ನು, ಅಷ್ಟೇ. ಆಮೇಲೆ ಮನೆ ಶೋಧಿಸಲು ಬಂದವರು ಅವನ ಮೇಜನ್ನು ಬರಿದು ಮಾಡಿಕೊಂಡು ಹೋದರು: ರೇಡಿಯೋ, ಕೈಗಡಿಯಾರ, ಹಸಿರು ಬಾಟಲಿ. ನಾನಾಗ ಸಣ್ಣವಳು. ಅವನ ಮುಖವನ್ನು ನೆನೆಯಹೋದರೆ ಈಗ ನನಗೆ ಫೋಟೋ ಮಾತ್ರ ಕಾಣುತ್ತದೆ. ವಾಸನೆ ಒಂದು ಮಾತ್ರ ಯಾವ ಫೋಟೋದಿಂದಲೂ ಬಂದದ್ದಲ್ಲ, ಅದು ನನ್ನದೇ. ಲಾವಂಚ, ನಿಂಬೆಯ ಸಿಪ್ಪೆ, ಹೊಸ ಚಪ್ಪಲಿಯ ಚರ್ಮ.

ಅಮ್ಮನನ್ನು ಇವತ್ತಿಗೂ ಎಲ್ಲರೂ ಉಮ್ ಮಿಶಾರಿ, ಮಿಶಾರಿಯ ತಾಯಿ, ಎಂದೇ ಕರೆಯುತ್ತಾರೆ. ತರಕಾರಿಯವನು ಕರೆದರೂ ಅವಳ ಮಗನ ಹೆಸರು ಮನೆಯೊಳಗೆ ಬರುತ್ತದೆ. ನಿಮ್ಮ ಹೆಸರು ಗುಂಪಿನಲ್ಲಿ ಮೊದಲು ಕಂಡಾಗ ನಾನು ಬೆಚ್ಚಿದ್ದೆ. ಅಬು ಗಾಯಿಬ್, ಕಾಣದವನ ಅಪ್ಪ. ಇವರೂ ಮಗನನ್ನು ಕಳೆದುಕೊಂಡವರು ಎಂದುಕೊಂಡು ಒಳಗೊಳಗೇ ನಿಮ್ಮನ್ನು ನಮ್ಮವರೆಂದು ಸೇರಿಸಿಕೊಂಡಿದ್ದೆ. ಒಮ್ಮೆ ಕೇಳಿಯೂಬಿಟ್ಟೆ. ನೀವು ನಕ್ಕಿರಿ. "ಹಾಗಲ್ಲಮ್ಮ. ನಮ್ಮ ಕಡೆ ಮಕ್ಕಳಿಲ್ಲದೋನನ್ನ ಹಾಗೇ ಕರೆಯೋದು. ಮರ್ಯಾದೆಗೆ. ಹುಟ್ಟದೇ ಇರೋ ಮಗನಿಗೂ ಒಂದು ಕುರ್ಚಿ ಹಾಕಿಟ್ಟ ಹಾಗೆ." ಆಗಲೂ ನಾನು ಮಿಶಾರಿಯ ವಿಷಯ ಹೇಳಲಿಲ್ಲ. ಬಸ್ರಾದವರಿಗೆ ಹೇಗೆ ಹೇಳುವುದು ಎಂಬುದು ಒಂದು. ಹೇಳಿದರೆ ನೀವು ಕ್ಷಮೆ ಕೇಳಿಬಿಡುತ್ತೀರಿ, ಆಮೇಲೆ ನಮ್ಮಿಬ್ಬರಿಗೆ ಸೆಂಟಿನ ಮಾತು ಆಡಲಾಗುವುದಿಲ್ಲ ಎಂಬ ಭಯ ಇನ್ನೊಂದು. ಎರಡನೆಯದೇ ದೊಡ್ಡದಿತ್ತೇನೋ.

ರೂಲಾ ಬಾಟಲಿ ತಂದ ದಿನ ನೀವು ನೋಡಬೇಕಿತ್ತು. ಕಣ್ಣಿನ ಆಪರೇಷನ್ನಿಗೆ ಹೋದ ನಿಮ್ಮ ನೆರೆಯವರ ಚೀಲದಲ್ಲಿ ಬಸ್ರಾದಿಂದ ಅಮ್ಮಾನ್‌ಗೆ, ಅಲ್ಲಿಂದ ಅಕ್ಕನ ಮಗಳ ಮದುವೆಗೆ ಹೊರಟ ರೂಲಾಳ ಪೆಟ್ಟಿಗೆಯಲ್ಲಿ ಕುವೈತ್‌ಗೆ. ಕಾರಿನಲ್ಲಿ ಎರಡು ಗಂಟೆಯ ದಾರಿಗೆ ಅರ್ಧ ಮರುಭೂಮಿ ಸುತ್ತು. ಮದುವೆ ಛತ್ರದ ಬಾಗಿಲಲ್ಲೇ ನನ್ನನ್ನು ಹಿಡಿದುಕೊಂಡಳು. "ತಗೋ ತಾಯಿ ನಿನ್ನ ಕೂಸನ್ನ. ಗಂಡನ ಉಣ್ಣೆ ಕಾಲುಚೀಲದಲ್ಲಿ ಮಲಗಿಸ್ಕೊಂಡು ಬಂದಿದೀನಿ. ಕಾಲುಚೀಲ ಮಾತ್ರ ವಾಪಸ್ ಕೊಡು, ಅವರಿಗೆ ಬೆಚ್ಚಗಿರೋದು ಅದೊಂದೇ ಜೊತೆ." ಏನಾದರೂ ಕೊಡುತ್ತೇನೆಂದರೆ ಕೆನ್ನೆ ಹಿಂಡಿದಳು. "ನನಗೆ ಕೊಟ್ಟು ಕೆಡಿಸ್ಬೇಡ. ಮುಂದಿನೋರಿಗೆ ಕೊಡು."

ನಾನು ನಾಲ್ಕು ಹನಿ ಕೇಳಿದ್ದೆ, ನೀವು ಇಡೀ ಬಾಟಲಿ ಕಳಿಸಿದ್ದಿರಿ, ಮುಕ್ಕಾಲು ತುಂಬಿದ್ದು. ಮನೆಗೆ ಬಂದು ದೀಪದ ಕೆಳಗೆ ತಿರುಗಿಸಿ ನೋಡಿದೆ. ತಳದಲ್ಲಿ ಬೆಲೆ ಚೀಟಿ. ನಮ್ಮೂರಿನ ಸಾಲ್ಮಿಯಾದ ಅಂಗಡಿಯದು, ಬೆಲೆ ನಮ್ಮ ದಿನಾರಿನಲ್ಲಿ. ಬೇರೆ ಯಾರಾದರೂ ಆಗಿದ್ದರೆ ಅದನ್ನು ಕೆರೆದು ತೆಗೆದು ಕಳಿಸುತ್ತಿದ್ದರು. ಆದರೆ ಕೂಡಿಡುವವರು ನಾವು ಚೀಟಿ ಕೀಳುವುದುಂಟೇ? ಹಳೆಯ ಚೀಟಿಯಿದ್ದರೆ ಬಾಟಲಿಗೆ ಒಂದು ತೂಕ ಹೆಚ್ಚು. ನಾನು ನಿಮಗೆ ಕಳಿಸಿದ ಪ್ರಶ್ನೆ ಒಂದೇ ಸಾಲಿನದು: ಇದು ನಿಮಗೆ ಎಲ್ಲಿ ಸಿಕ್ಕಿತು?

ನಿಮ್ಮ ಉತ್ತರ ಧ್ವನಿಯಲ್ಲಿ ಬಂತು. ಅದನ್ನು ಎಷ್ಟು ಸಲ ಕೇಳಿದ್ದೇನೆಂದರೆ ನೀವು ಉಸಿರು ತೆಗೆದುಕೊಳ್ಳುವ ಜಾಗವೂ ಬಾಯಿಪಾಠವಾಗಿದೆ.

"ಮಗಳೇ, ಕೇಳೇ ಕೇಳ್ತೀಯ ಅಂತ ಗೊತ್ತಿತ್ತು. ಆ ವರ್ಷ ಚಳಿಗಾಲದಲ್ಲಿ ನಮ್ಮೂರ ಅಶಾರ್ ಮಾರ್ಕೆಟ್ಟಿನಲ್ಲಿ ಸಿಪಾಯಿಗಳು ಕಂಬಳಿ ಹಾಸಿ ಮಾರ್ತಿದ್ರು. ಟೀವಿ, ಮಕ್ಕಳ ಸೈಕಲ್ಲು, ಹೆಂಗಸರ ಚಪ್ಪಲಿ. ಎಲ್ಲಿಂದ ಬಂತು ಅಂತ ಯಾರೂ ಕೇಳ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು. ಆದ್ರೂ ತಗೊಂಡೆ. ಸೆಂಟು ಅಂದ್ರೆ ಪ್ರಾಣ ನನಗೆ. ಮನೆಗೆ ಬಂದು ಮುಚ್ಚಳ ತೆಗೆದೆ. ತೆಗೆದ ಮೇಲೆ ನೋಡ್ತೀನಿ, ಕಾಲು ಭಾಗ ಇಲ್ಲ. ಯಾರೋ ಹಚ್ಕೊಂಡಿದ್ದಾರೆ. ಯಾರೋ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಹಚ್ಕೊಂಡು ಹೋಗಿದ್ದಾರೆ. ಮುಚ್ಚಿಟ್ಟೆ. ಆವತ್ತು ಮುಕ್ಕಾಲಿತ್ತು, ಇವತ್ತೂ ಮುಕ್ಕಾಲೇ ಇದೆ. ನಿನ್ನ ಊರಿನ ಹೆಸರು ನೋಡಿದಾಗ್ಲೆಲ್ಲ ಬೀರು ತೆಗೆದು ನೋಡ್ತಿದ್ದೆ. ಬೇಡ ಅನ್ಸಿದ್ರೆ ಕಡಲಿಗೆ ಚೆಲ್ಲಿಬಿಡು. ನನ್ನನ್ನ ಬೈಯೋದಿದ್ರೆ ಬೈದು ಚೆಲ್ಲು."

ಬೈಯಲಿಲ್ಲ. ಉತ್ತರವನ್ನೂ ಕೊಡಲಿಲ್ಲ. ಅದು ಯಾಕೆಂದು ಈಗ ಹೇಳುತ್ತೇನೆ.

ಕಳೆದ ವರ್ಷ ಗಡಿಯಾಚೆಯ ಮರಳಿನಲ್ಲಿ ಒಂದು ಗುಂಡಿ ಸಿಕ್ಕಿತು. ಮೂಳೆಗಳನ್ನು ನಮ್ಮಲ್ಲಿಗೆ ತಂದರು. ಕಾಣೆಯಾದವರ ಕಚೇರಿಯಿಂದ ಫೋನು ಬಂತು. ಅದರಲ್ಲಿ ಒಬ್ಬರದು ನಾನು ಕೊಟ್ಟಿದ್ದ ರಕ್ತಕ್ಕೆ ಹೊಂದಿಕೊಳ್ಳುವ ಹಾಗಿದೆ, ಆದರೆ ಖಚಿತವಾಗಿ ಹೇಳಲು ತಾಯಿಯ ರಕ್ತ ಬೇಕು ಎಂದರು. ಅಮ್ಮ ಒಪ್ಪಲಿಲ್ಲ. ಮನೆಗೇ ಬಂದ ಆ ಕಚೇರಿಯ ಹುಡುಗಿಗೆ ಖರ್ಜೂರ ಕೊಟ್ಟು, ಕಾಫಿ ಕೊಟ್ಟು, ತೋಳು ಮಾತ್ರ ಕೊಡಲಿಲ್ಲ. "ಬದುಕಿರೋನನ್ನ ಹುಡುಕೋಕೆ ರಕ್ತ ಯಾಕಮ್ಮ? ಹೆಸರು ಕೂಗಿ, ಓಗೊಡ್ತಾನೆ." ಅಮ್ಮನಿಗೆ ಈಗ ಕಣ್ಣು ಕಾಣುವುದಿಲ್ಲ, ಹೃದಯ ಅರ್ಧ ಕೆಲಸ ಮಾಡುತ್ತದೆ. ಅವಳು ಹೋದರೆ ಆ ಮೂಳೆಗಳ ಪೆಟ್ಟಿಗೆ ಹೆಸರಿಲ್ಲದೆ ಕಚೇರಿಯ ಕಪಾಟಿನಲ್ಲೇ ಉಳಿಯುತ್ತದೆ. ಅದು ಮಿಶಾರಿಯಾಗಿದ್ದರೆ, ಅವನು ಮನೆಗೆ ಇಷ್ಟು ಹತ್ತಿರ ಬಂದೂ ಬಾಗಿಲಲ್ಲೇ ನಿಂತಂತೆ. ಅಮ್ಮನ ಮನಸ್ಸು ತಿರುಗಿಸಲು ಸೆಂಟು ತರಿಸಿದೆನೇ? ಇಲ್ಲ. ನನಗೇ ಬೇಕಿತ್ತು. ಹೂಳುವ ಮೊದಲು ಒಮ್ಮೆ ಅವನು ಪಕ್ಕದಲ್ಲಿ ನಿಂತ ಹಾಗೆ ಇರಬೇಕಿತ್ತು.

ನಿಮ್ಮ ಧ್ವನಿ ಕೇಳಿದ ಮಧ್ಯಾಹ್ನ, ಬಾಟಲಿ ನಮ್ಮ ಮನೆಯದೇ ಇರಬಹುದೆಂಬ ಯೋಚನೆ ತಲೆಗೆ ಹೊಕ್ಕಿತ್ತು. ಆದರೂ ಅಭ್ಯಾಸ ಬಿಡಲಿಲ್ಲ. ಕಾಗದದ ಪಟ್ಟಿಗೆ ಒಂದು ಹನಿ ಹಾಕಿ ಮೂಸಿ ನೋಡಿದೆ, ಹಳೆಯ ಸೆಂಟಿನ ನಿಜವಾದ ಗುಣ ತಿಳಿಯುವುದು ಹನಿ ಒಣಗಿದ ಮೇಲೇ ಎಂದು ಪಟ್ಟಿಯನ್ನು ಪಡಸಾಲೆಯ ಕಿಟಕಿ ಕಟ್ಟೆಗೆ ಸಿಕ್ಕಿಸಿ ಅಡುಗೆಮನೆಗೆ ಹೋದೆ. ನಮ್ಮಂಥವರನ್ನು ಬಿಟ್ಟರೆ ಬೇರೆ ಯಾರಿಗೆ ಹೊಳೆಯುತ್ತದೆ ಈ ಕೆಲಸ? ನಮಾಜು ಮುಗಿಸಿ ಅಮ್ಮ ಕೋಣೆಯಿಂದ ಬಂದಳು. ಅವಳ ಹೆಜ್ಜೆ ನಿಂತದ್ದು ನನಗೆ ಕೇಳಿಸಿತು. ಆಮೇಲೆ, ನಾನು ಚಿಕ್ಕಂದಿನಲ್ಲಿ ಕೇಳಿದ್ದ, ಈಗ ಮರೆತೇಹೋಗಿದ್ದ ಒಂದು ದನಿ.

"ಮಿಶಾರಿ, ಬಾಗಿಲು ಹಾಕ್ಕೊಂಡು ಬಾರೋ. ಧೂಳು ಬರುತ್ತೆ."

ಅದರಲ್ಲಿ ಆಶ್ಚರ್ಯವಿರಲಿಲ್ಲ, ಅಬು ಗಾಯಿಬ್. ಗದರಿಕೆ ಇತ್ತು. ದಿನಾ ತಡವಾಗಿ ಬರುವ ಮಗನಿಗೆ ತಾಯಿ ಹೇಳುವ ಹಾಗೆ. ನಾನು ಹೊರಗೆ ಬಂದು ನೋಡಿದರೆ ಅಮ್ಮ ಮುಖವನ್ನು ಬಾಗಿಲ ಕಡೆ ತಿರುಗಿಸಿ ನಿಂತಿದ್ದಾಳೆ, ಬಾಗಿಲು ಮುಚ್ಚಿಯೇ ಇದೆ. ಯುಮ್ಮಾ, ಇದು ಒಂದು ಕಾಗದದ ಚೂರು ಎಂದು ಆಗಲೇ ಹೇಳಬೇಕಿತ್ತು. ನಾನು ಹೇಳಿದ್ದು, "ಬಾ ಯುಮ್ಮಾ, ಕೂತ್ಕೋ."

ಆ ರಾತ್ರಿ ಅಮ್ಮ ಹೊಟ್ಟೆ ತುಂಬ ಊಟ ಮಾಡಿದಳು. ಬಹಳ ತಿಂಗಳಿಂದ ಹಾಗೆ ತಿಂದಿರಲಿಲ್ಲ. ಮಾರನೆಯ ದಿನ ಮೀನಿನ ಮಚ್ಬೂಸ್ ಮಾಡು, ಅನ್ನ ಉದುರುದುರಾಗಿರಲಿ, ಅವನಿಗೆ ಮುದ್ದೆಯಾದರೆ ಸೇರುವುದಿಲ್ಲ ಎಂದಳು. ಮಾಡಿದೆ. ಪಟ್ಟಿಯ ವಾಸನೆ ಅಷ್ಟರಲ್ಲಿ ಸೋತಿತ್ತು. ಅಮ್ಮ ಪಡಸಾಲೆಯಲ್ಲಿ ಮೂಗೆತ್ತಿ ಅತ್ತಿತ್ತ ತಿರುಗುತ್ತಿದ್ದಳು, ನಾಯಿಮರಿ ತಾಯಿಯನ್ನು ಹುಡುಕುವ ಹಾಗೆ. ಅದನ್ನು ನೋಡಲಾಗಲಿಲ್ಲ. ನಾನು ಒಳಗೆ ಹೋಗಿ ಹೊಸ ಪಟ್ಟಿಗೆ ಇನ್ನೊಂದು ಹನಿ ಹಾಕಿ ತಂದು ಸಿಕ್ಕಿಸಿದೆ.

ಇದನ್ನು ಗುಂಪಿನಲ್ಲಿ ಬರೆಯಲಾಗಲಿಲ್ಲ. ಒಂದು ಸಲ ಅಲ್ಲ, ದಿನವೂ ಹಾಕಿದೆ. ಮನೆಗೆ ಬಂದವರಿಗೆ ಅಮ್ಮ "ಮಿಶಾರಿ ಈಗಷ್ಟೇ ಸ್ನಾನ ಮಾಡ್ದ" ಅನ್ನುತ್ತಿದ್ದಳು, ಬಂದವರು ನನ್ನ ಮುಖ ನೋಡುತ್ತಿದ್ದರು, ನಾನು ಕಾಫಿ ಬಗ್ಗಿಸುತ್ತಿದ್ದೆ. ಕಚೇರಿಯ ಹುಡುಗಿ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಅಮ್ಮನ ಸುಖಕ್ಕಾಗಿ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಆದರೆ ಒಂದು ದಿನ ಬಟ್ಟೆ ಮಡಿಸುತ್ತ ಕುಳಿತಾಗ, ಬೆನ್ನ ಹಿಂದೆ ಪಡಸಾಲೆಯಲ್ಲಿ ಅವನ ಚಪ್ಪಲಿ ಎಳೆದಾಡುವ ಸದ್ದು ಕೇಳಿದಂತಾಗಿ ನಾನು ತಿರುಗಿ ನೋಡಲಿಲ್ಲ. ಭಯಕ್ಕಲ್ಲ. ತಿರುಗಿದರೆ ಹೊರಟುಹೋಗುತ್ತಾನೆಂದು. ಆಗ ಗೊತ್ತಾಯಿತು, ಪಟ್ಟಿ ಸಿಕ್ಕಿಸುತ್ತಿದ್ದದ್ದು ಯಾರಿಗಾಗಿ ಎಂದು. ಬಾಟಲಿಯಲ್ಲಿ ಮಟ್ಟ ಇಳಿಯುತ್ತಿತ್ತು. ನೀವು ಒಂದು ಹನಿಯನ್ನೂ ಮುಟ್ಟದೆ ಕಾಯ್ದ ಸೆಂಟನ್ನು ನಾನು ಒಂದು ಸುಳ್ಳಿಗೆ ಕುಡಿಸುತ್ತಿದ್ದೆ.

ಮೊನ್ನೆ ಬೆಳಿಗ್ಗೆ ಅಮ್ಮ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಗೋಡೆ ಹಿಡಿದು, ವಾಸನೆಯ ಜಾಡು ಹಿಡಿದೇ ಬಂದಿರಬೇಕು. ಎರಡು ಬೆರಳಲ್ಲಿ ಪಟ್ಟಿ.

"ಏನೇ ಇದು?"

ನಾನು ಬಾಟಲಿಯನ್ನು ದಿಂಬಿನ ಹಿಂದೆ ಸರಿಸಿದೆ.

"ಕಣ್ಣು ಹೋಗಿದೆ ಕಣೇ, ಬುದ್ಧಿ ಹೋಗಿಲ್ಲ. ನನ್ನ ಮಗ ಕಾಗದ ಆಗಿಬಿಟ್ನಾ? ತಾ ಬಾಟಲಿನ."

ಕೊಟ್ಟೆ. ಅಮ್ಮ ಮಂಚದ ಮೇಲೆ ಕುಳಿತು, ಮುಚ್ಚಳ ತೆಗೆದು, ಬಹಳ ಹೊತ್ತು ಮೂಸಿದಳು. ಆಮೇಲೆ ಬಾಟಲಿಯ ಮೈಯನ್ನೆಲ್ಲ ಹೆಬ್ಬೆರಳಿನಿಂದ ಸವರಿದಳು, ಮಗುವಿಗೆ ಜ್ವರವಿದೆಯೇ ಎಂದು ನೋಡುವ ಹಾಗೆ. ತಳದ ಚೀಟಿ ಸಿಕ್ಕ ಕೂಡಲೇ ಬೆರಳು ನಿಂತಿತು.

"ಇದು ಅವನದಲ್ಲ."

"ಹೇಗೆ ಹೇಳ್ತೀಯ ಯುಮ್ಮಾ?"

"ಅವನದ್ದನ್ನ ಈದಿಗೆ ನಾನೇ ತಂದಿದ್ದು. ಉಡುಗೊರೆ ಮೇಲೆ ಬೆಲೆ ಇಟ್ಟು ಕೊಡ್ತಾರೇನೇ ಯಾರಾದ್ರೂ? ಉಗುರಲ್ಲೇ ಕೆರೆದು ತೆಗೆದಿದ್ದೆ." ಚೀಟಿಯನ್ನು ಮತ್ತೊಮ್ಮೆ ಸವರಿದಳು. "ಇದು ಇನ್ನ್ಯಾರ ಮನೆ ಹುಡುಗನದೋ."

ಆಮೇಲೆ ನನ್ನನ್ನು ಹತ್ತಿರ ಕರೆದು, ನನ್ನ ಕುತ್ತಿಗೆಗೆ ಒಂದು ಹನಿ ಹಚ್ಚಿ, ಅಲ್ಲೇ ಮೂಗಿಟ್ಟಳು. ಅಮ್ಮನ ಉಸಿರು ಕುತ್ತಿಗೆಗೆ ತಾಗಿ ಎಷ್ಟು ಕಾಲವಾಗಿತ್ತೋ.

"ವಾಸನೆ ಇದೇ. ಆದ್ರೆ ಅವನು ಬೇಕರಿಯಿಂದ ಬಂದ್ರೆ ಮೈಯೆಲ್ಲ ಹಿಟ್ಟು. ಕಿವಿ ಹಿಂದೆ ನಾನು ಹಚ್ಚಿದ ಅಗರಿನ ಊದ್ ಎಣ್ಣೆ. ಅದೆರಡೂ ಇಲ್ಲ. ಬರೀ ಬಾಟಲಿ ಬಂದಿದೆ." ಮುಚ್ಚಳ ಹಾಕುತ್ತ ಕೇಳಿದಳು, "ಯಾರು ಕೊಟ್ರು?"

ಹೇಳಿದೆ. ಏನನ್ನೂ ಬಿಡದೆ ಹೇಳಿದೆ, ಬಸ್ರಾ ಎಂಬುದನ್ನೂ, ಕಂಬಳಿ ಹಾಸಿದ್ದ ಮಾರುಕಟ್ಟೆಯನ್ನೂ. ಅಮ್ಮ ಶಪಿಸುತ್ತಾಳೆಂದು ಕಾದೆ. ಆ ಊರಿನ ಹೆಸರು ಟೀವಿಯಲ್ಲಿ ಬಂದರೆ ಆರಿಸು ಎನ್ನುವವಳು ಅವಳು. ಅವಳು ಕೇಳಿದ್ದು ದಾರಿಯನ್ನು. ಯಾರ ಚೀಲದಲ್ಲಿ ಬಂತು, ಆಮೇಲೆ ಯಾರು ತಂದರು, ಎಷ್ಟು ತೆಗೆದುಕೊಂಡರು. ಯಾರೂ ಏನೂ ತೆಗೆದುಕೊಳ್ಳಲಿಲ್ಲ ಎಂದೆ. ಕಾಲುಚೀಲದ ವಿಷಯ ಹೇಳಿದಾಗ ಸ್ವಲ್ಪ ನಕ್ಕಳು ಕೂಡ. ಆಮೇಲೆ ಬಾಟಲಿಯನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳಿದ ಮಾತನ್ನು ನಾನು ಒಂದಕ್ಷರವೂ ಬದಲಿಸದೆ ಬರೆಯುತ್ತಿದ್ದೇನೆ.

"ಯಾರದೋ ಬಾಟಲಿ, ಯಾರ್ಯಾರೋ ಗುರುತಿಲ್ಲದೋರು ಎತ್ಕೊಂಡು, ಇಷ್ಟು ವರ್ಷ ಆದ್ಮೇಲೂ ನನ್ನ ಮನೆ ಹುಡುಕ್ಕೊಂಡು ಬಂತು. ಅವನಿಗೆ ದಾರಿ ಇದ್ದಿದ್ರೆ ಬರದೆ ಇರ್ತಿದ್ನಾ ಸಬೀಕಾ? ಅವನಿಗೆ ಕಾಲಿತ್ತು. ಮನೆ ಗೊತ್ತಿತ್ತು."

ನಾನು ಅವಳ ಮೊಣಕಾಲ ಮೇಲೆ ತಲೆಯಿಟ್ಟೆ. ಅಮ್ಮ ಅಳಲಿಲ್ಲ. ನನ್ನ ಕೂದಲಲ್ಲಿ ಬೆರಳಾಡಿಸುತ್ತ, ಅಡುಗೆಗೆ ಏನು ಮಾಡಬೇಕೆಂದು ಹೇಳುವ ದನಿಯಲ್ಲೇ ಹೇಳಿದಳು: "ಆ ಹುಡುಗಿಗೆ ಫೋನ್ ಮಾಡು. ಬಂದು ರಕ್ತ ತಗೊಳ್ಳಲಿ."

ನಿನ್ನೆ ಬಂದು ತೆಗೆದುಕೊಂಡರು. ಅಮ್ಮನ ತೋಳಿನಲ್ಲಿ ನರ ಸಿಗದೆ ಹುಡುಗಿ ಒದ್ದಾಡಿದಳು. "ಅವಸರ ಮಾಡ್ಬೇಡಮ್ಮ," ಅಂದಳು ಅಮ್ಮ, "ಅವನೂ ಹುಟ್ಟೋವಾಗ ಹೀಗೇ ಸತಾಯಿಸಿದ್ದ." ಫಲಿತಾಂಶಕ್ಕೆ ಇನ್ನೂ ದಿನಗಳಿವೆ. ಅದು ಅವನೇ ಆಗಿರಬಹುದು, ಆಗದೆಯೂ ಇರಬಹುದು. ಪಡಸಾಲೆಯಲ್ಲಿ ಈಗ ಪಟ್ಟಿಯಿಲ್ಲ. ಕಿಟಕಿ ತೆರೆದಿಟ್ಟಿದ್ದೇನೆ, ರಾಷ್ಟ್ರೀಯ ಹಬ್ಬದ ಬಾವುಟ ಕಟ್ಟುವ ಮಕ್ಕಳ ಗಲಾಟೆ ಒಳಗೆ ಬರುತ್ತದೆ. ಆದರೂ ಸಂಜೆ ಗೋಡೆಯಿಂದಲೋ ಪರದೆಯಿಂದಲೋ ಅವನು ಸಣ್ಣಗೆ ಸುಳಿಯುತ್ತಾನೆ. ಹೊಸ ಹನಿ ಹಾಕದೆಯೇ. ಆಗ ನಾವಿಬ್ಬರೂ ಮಾತು ನಿಲ್ಲಿಸುತ್ತೇವೆ, ಅವನು ಹಾದುಹೋಗುವವರೆಗೆ.

ನೀವು ನನ್ನಿಂದ ಏನು ನಿರೀಕ್ಷಿಸಿದಿರೋ ಗೊತ್ತಿಲ್ಲ. ಕ್ಷಮಿಸಿದೆ ಎಂದು ಬರೆಯಲು ಕೂತರೆ ಆ ಮಾತು ನನ್ನದಲ್ಲ ಅನ್ನಿಸುತ್ತದೆ. ಅದು ಆ ಕಾಲು ಭಾಗ ಹಚ್ಚಿಕೊಂಡು ಹೋದವನದು. ಬೈಯಲು ಕೂತರೆ, ಇಷ್ಟು ವರ್ಷ ಬೀರು ತೆಗೆದು ನೋಡಿ ಮುಚ್ಚಿದ ಕೈ ನೆನಪಾಗುತ್ತದೆ. ಅದನ್ನು ನೀವು ಹಚ್ಚಿಕೊಂಡು ಮುಗಿಸಿದ್ದರೆ ನನ್ನ ಅಮ್ಮ ಇನ್ನೂ ಬಾಗಿಲ ಕಡೆ ಮುಖ ಮಾಡಿಕೊಂಡೇ ಇರುತ್ತಿದ್ದಳು. ಇಷ್ಟನ್ನು ಮಾತ್ರ ನಾನು ಖಚಿತವಾಗಿ ಹೇಳಬಲ್ಲೆ.

ಉಳಿದದ್ದನ್ನು ಮುಂದಕ್ಕೆ ಕೊಡುತ್ತಿದ್ದೇನೆ. "ಇನ್ನ್ಯಾರ ಮನೆ ಹುಡುಗನದೋ, ಆ ಮನೆಯೋರಿಗೂ ಮೂಗಿರುತ್ತೆ" ಎಂದಳು ಅಮ್ಮ. ಈ ಊರಿನಲ್ಲಿ ಆ ವರ್ಷ ಬೆಲ್‌ರಿವ್ ಹಚ್ಚುತ್ತಿದ್ದ, ತಿರುಗಿ ಬಾರದ ಗಂಡುಮಕ್ಕಳ ಮನೆಯವರು ಯಾರಾದರೂ ಇದ್ದರೆ ಬರೆಯಿರಿ ಎಂದು ಗುಂಪಿನಲ್ಲಿ ಹಾಕಿದ್ದೇನೆ. ಇಬ್ಬರು ಅಕ್ಕಂದಿರು, ಒಬ್ಬಳು ಹೆಂಡತಿ ಬರೆದಿದ್ದಾರೆ. ಹೆಂಡತಿ ಮತ್ತೆ ಮದುವೆಯಾದವಳು. ಮನೆಗೆ ಕಳಿಸಬೇಡಿ, ನಾನೇ ಬಂದು ನಿಮ್ಮ ಮನೆಯಲ್ಲಿ ಕೂತು ಮೂಸಿ ಹೋಗುತ್ತೇನೆ ಎಂದಿದ್ದಾಳೆ. ಬರಲಿ. ಚೀಟಿಯಿರುವ ಬಾಟಲಿಯನ್ನು ಎಸೆಯುವುದಿಲ್ಲ. ಯಾರಾದರೂ ಒಬ್ಬರು ಬಂದು ಅದನ್ನು ಸವರಿ, ಇದು ನಮ್ಮದು ಎನ್ನಬಹುದು.

ಸಿಗರೇಟು ಬಿಡಿ. ನಿಮ್ಮ ಮೂಗು ನಮಗೆ ಬೇಕು.

ನಿಮ್ಮ ಮಗಳಂಥವಳು,
ಸಬೀಕಾ

ಮರೆತಿದ್ದೆ: ಈ ಕಾಗದದ ಜೊತೆ ರೂಲಾ ಒಯ್ಯುತ್ತಿರುವ ಕಾಲುಚೀಲದೊಳಗೆ ಒಂದು ಪುಟ್ಟ ಶೀಶೆಯಿದೆ, ಅದು ನನ್ನದಲ್ಲ. ಮಿಶಾರಿಯ ಕಿವಿಯ ಹಿಂದೆ ಹಚ್ಚುತ್ತಿದ್ದ ಊದ್ ಎಣ್ಣೆ. ಅವನು ಬಂದ ದಿನ ಹಚ್ಚಲೆಂದು ಅಮ್ಮ ಅದನ್ನು ತಲೆದಿಂಬಿನ ಕೆಳಗೇ ಇಟ್ಟುಕೊಂಡಿದ್ದಳು. ಅಕ್ಕನ ಮನೆಯಲ್ಲಿ ಇಷ್ಟು ದಿನ ಉಳಿದಿದ್ದ ರೂಲಾ ಇವತ್ತು ಹೊರಡುವ ಹೊತ್ತಿಗೆ ಅಮ್ಮ ತಾನೇ ತಂದು ತುರುಕಿದಳು. ಕೊಟ್ಟವರಿಗೆ ಹಿಂದಿರುಗಿಸುವ ಹಾಗಿಲ್ಲ ಯುಮ್ಮಾ, ಅದು ನಮ್ಮ ಗುಂಪಿನ ಕಟ್ಟುಪಾಡು ಎಂದೆ. "ನಿಮ್ಮ ಕಟ್ಟುಪಾಡು ನಿಮಗಿರಲಿ," ಎಂದಳು. "ಅವರಿಗೆ ಕಿವಿ ಹಿಂದೆ ಹಚ್ಚೋರು ಯಾರೂ ಇಲ್ಲ ಅಂದ್ಯಲ್ಲ. ಉಮ್ ಮಿಶಾರಿ ಕೊಟ್ಟಳು, ಇಟ್ಟುಕೊಳ್ಳೋದು ಬೇಡ, ಹಚ್ಕೊಳ್ಳಿ ಅಂತ ಬರಿ."